ಬಾಗಿಲು ಆ ಕಡೆ ಐತ್ರಿ

ಬೆಳಗಿನ ಐದೂವರೆ. ರಾಮವ್ವ ಮುರಿದ ಮೊರದ ತುಂಡಿನಿಂದ ಬೆಂಚಿನ ಮೇಲಿನ ಬಾವಲಿ ಹಿಕ್ಕೆಯನ್ನು ಬಳಿದು ಪುಟ್ಟಿಗೆ ಹಾಕುತ್ತಿದ್ದಾರೆ. ಒಂದು ಬೆಂಚು ಮುಗಿದರೆ ಇನ್ನೊಂದು. ಬಳೆ ಸದ್ದು ಮಾಡದಂತೆ ಮೊಣಕೈವರೆಗೆ ಏರಿಸಿದ್ದಾರೆ. ಕೆಮ್ಮು ಬಂದರೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. ಹದಿನಾಲ್ಕು ಬೆಂಚು ಮುಗಿಯುವ ತನಕ ಒಂದು ಮಾತಿಲ್ಲ. ಪುಟ್ಟಿ ಹೊತ್ತು ಹೊರಗೆ ಬಂದ ಮೇಲೆಯೇ ಕಾರಣ ಹೇಳುತ್ತಾರೆ.

"ಮಾತಾಡಿದ್ರ ಬಾವಲಿ ಏಳ್ತಾವ. ಎದ್ದು ಹಾರಿದ್ರ ಮತ್ತ ಹೊಲಸು ಮಾಡ್ತಾವ. ಮತ್ತ ನಾನ ಬಳೀಬೇಕಲ್ಲವಾ."

ಇದು ಕೆಂಗಲ್ಲಹಟ್ಟಿಯ ಹಳೆಯ ಚರ್ಚು. ಹುನಗುಂದದಿಂದ ಇಳಕಲ್ಲಿಗೆ ಹೋಗುವ ಬಸ್ಸಿನಲ್ಲಿ ಎಡಗಡೆ ಕುಳಿತರೆ ಕೆಂಪು ಕಲ್ಲಿನ ಗೋಡೆ ಕಾಣುತ್ತದೆ. ನೂರು ವರ್ಷದ ಹಿಂದಿನ ಡೋಗಿ ಬರದ ಕಾಲದಲ್ಲಿ ಕೂಳಿಗಾಗಿ ಕಲ್ಲು ಹೊತ್ತವರು ಕಟ್ಟಿದ್ದು ಎನ್ನುತ್ತಾರೆ. ಈಗ ಊರಿನಲ್ಲಿ ಉಳಿದಿರುವುದು ಎರಡೇ ಕ್ರೈಸ್ತ ಮನೆ. ಅವರೂ ಭಾನುವಾರ ಬಸ್ಸು ಹತ್ತಿ ದೊಡ್ಡ ಊರಿನ ಆರಾಧನೆಗೆ ಹೋಗುತ್ತಾರೆ. ಊರಿನವರ ಬಾಯಲ್ಲಿ ಇದು 'ಪಾದ್ರಿ ಗುಡಿ'. ಇದನ್ನು ನೋಡಿಕೊಳ್ಳುವ ರಾಮವ್ವ ಬೀರಪ್ಪ ದೇವರ ಒಕ್ಕಲು, ಕುರಿ ಕಾಯುವ ಮನೆತನ. ಅತ್ತೆ ಸೋಮವ್ವ ಇಲ್ಲಿ ಕಸ ಹೊಡೆಯುತ್ತಿದ್ದರು. ಸಾಯುವಾಗ ಸೊಸೆಗೆ ಕೊಟ್ಟದ್ದು ಎರಡು: ಮೂಗುತಿ ಮತ್ತು ಕಸಬರಿಗೆ. "ಮೂಗುತಿ ಕಳೀತು," ಎನ್ನುತ್ತಾರೆ ರಾಮವ್ವ.

ಇಂದು ಅವರು ಎಂದಿಗಿಂತ ಬೇಗ ಬಂದಿದ್ದಾರೆ. ಹನ್ನೊಂದಕ್ಕೆ, ಹಳೆಯ ಚರ್ಚುಗಳನ್ನು ನೋಡಿಕೊಳ್ಳುವ ಧಾರವಾಡದ ಸಮಿತಿಯ ಕಾರ್ಯದರ್ಶಿಗಳು ಬಾಗಿಲಿಗೆ ಜಡಿಯಲು ಹೊಸ ಕೀಲಿ ತೆಗೆದುಕೊಂಡು ಬರುವವರಿದ್ದಾರೆ. ಅದರ ಕೀಲಿಕೈ ಬಾಗಲಕೋಟೆಯ ಕಚೇರಿಯಲ್ಲಿರುತ್ತದಂತೆ. ಬಾಗಲಕೋಟೆಗೆ ಹೋಗಬೇಕೆಂದರೆ ಹುನಗುಂದದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಬಾಗಿಲು ಮುಚ್ಚಿದರೆ ಕಸಬರಿಗೆಯೂ ಹೊರಗೆ, ರಾಮವ್ವನೂ ಹೊರಗೆ.

ಕಾರಣ, ಒಂದೇ ವರ್ಷದಲ್ಲಿ ಸಮಿತಿಗೆ ಬಂದ ಮೂರು ಪತ್ರ. ಐಹೊಳೆ, ಬಾದಾಮಿ ನೋಡಲು ಬಂದವರು ಇಲ್ಲಿಯೂ ಇಳಿದು, 'ಚರ್ಚು ಸದಾ ಕೀಲಿ ಹಾಕಿರುತ್ತದೆ' ಎಂದು ಬರೆದಿದ್ದಾರೆ.

"ಹನ್ನೆರಡು ವರ್ಷದಾಗ ಒಂದಿನಾನೂ ಕೀಲಿ ಹಾಕಿಲ್ಲ," ಎಂದು ರಾಮವ್ವ ಬೀರಪ್ಪನ ಆಣೆ ಇಡುತ್ತಾರೆ. ಇಬ್ಬರ ಮಾತೂ ಖರೆ. ಮುಂಬಾಗಿಲಿಗೆ ತೆಂಗಿನಕಾಯಿ ಗಾತ್ರದ ಕೀಲಿ ಇದೆ. ಬೇವಿನ ಗಿಡದ ಹಿಂದಿನ ಪಕ್ಕದ ಬಾಗಿಲಿಗೆ ಕೀಲಿಯೇ ಇಲ್ಲ. ಆಡು ನುಗ್ಗದಿರಲಿ ಎಂದು ಒಂದು ಕಲ್ಲು, ಅಷ್ಟೇ.

ಮುಂಬಾಗಿಲು ಮುಚ್ಚಿದ್ದು ಹನ್ನೆರಡು ವರ್ಷದ ಹಿಂದೆ, ಎಪ್ಪತ್ತೊಂದರಲ್ಲಿ. ಕೊನೆಯ ಪಾದ್ರಿ ದೇವಪ್ಪ ಊಟ ಮಾಡಿ ಬಂದು ಎರಡನೇ ಬೆಂಚಿನ ಮೇಲೆ ಒರಗಿದವರು ಏಳಲಿಲ್ಲ. ಹಿರಿಯರು ಲೆಕ್ಕ ಹಾಕಿದರೆ ಕೆಟ್ಟ ನಕ್ಷತ್ರ. ಕೆಟ್ಟ ನಕ್ಷತ್ರದಲ್ಲಿ ಜೀವ ಹೋದರೆ ಆರು ತಿಂಗಳು ಮನೆ ಬಿಡಬೇಕು ಎನ್ನುವುದು ಇಲ್ಲಿಯ ರೂಢಿ. ಪಾದ್ರಿಗೆ ಬೇರೆ ಮನೆ ಎಲ್ಲಿತ್ತು? ಪಂಚರು ಕೂತರು. ಇಡೀ ಗುಡಿ ಬಿಡುವುದು ಬೇಡ, ಹೆಣ ಹೊರಬಿದ್ದ ಬಾಗಿಲೊಂದನ್ನು ಮುಚ್ಚಿದರೆ ಸಾಕು ಎಂದಾಯಿತು. ಕ್ರೈಸ್ತ ಮನೆಯ ಹಿರಿಯರನ್ನು ಕೇಳಿದಾಗ, "ನಮ್ಮ ಧರ್ಮದಾಗ ಇದಿಲ್ಲ, ಆದ್ರ ಊರಾಗ ಇರೋರು ನಾವ," ಎಂದರಂತೆ.

"ಮತ್ತೆ ಆರು ತಿಂಗಳಾದ ಮೇಲೆ?" ಎಂದು ರಾಮವ್ವನನ್ನು ಕೇಳಿದರೆ:

"ತೆಗೀಬೇಕಿತ್ತವಾ. ಶಾಂತಿ ಮಾಡಿಸಿ ಸತ್ತವರ ಮಕ್ಕಳ ತೆಗೀಬೇಕು. ದೇವಪ್ಪಗ ಮಕ್ಕಳೆಲ್ಲಿ ಅದಾವ? ತೆಗಿಯೋರಿಲ್ಲ, ಮುಚ್ಚೇದ."

ಅಂದಿನಿಂದ ಆ ಕೀಲಿಕೈ ರಾಮವ್ವನ ಸೊಂಟದಲ್ಲಿದೆ. ಅಮಾವಾಸ್ಯೆಗೊಮ್ಮೆ ಶೇಂಗಾ ಎಣ್ಣೆ ಹಚ್ಚುತ್ತಾರೆ. ಕೀಲಿಗೆ ಹಾಕಿ ಮಾತ್ರ ನೋಡಿಲ್ಲ.

ಊರಿನವರು ಯಾರ ಮನೆಗೆ ಹೋದರೂ ಒಂದು ಬಾಗಿಲು ಮುಚ್ಚಿದ್ದರೆ ಇನ್ನೊಂದಕ್ಕೆ ಸುತ್ತು ಹಾಕುತ್ತಾರೆ. ಪರ ಊರಿನವರು ಕೀಲಿ ನೋಡಿ, ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಹೋಗಿಬಿಡುತ್ತಾರೆ. ಎದುರಿನ ಚಹಾದಂಗಡಿಯ ಈರಪ್ಪ ದಿನಾ ಕೂಗುತ್ತಾನೆ. "ಬಾಗಿಲು ಆ ಕಡೆ ಐತ್ರಿ ಅಂತ ಗಂಟಲ ಹರಕೋತೇನಿ. ಚಹಾ ಕುಡಿಯಾಕ ಕರ್ಯಾಕತ್ತಾನ ಅಂತ ತಿಳದು ಬ್ಯಾಡ ಬ್ಯಾಡ ಅಂತ ಕೈ ಮಾಡ್ತಾರ. ಚಹಾನೂ ಹೋತು, ಗುಡಿನೂ ಹೋತು."

ರಾಮವ್ವ ಸುಣ್ಣದಲ್ಲಿ ಗೋಡೆಯ ಮೇಲೆ ಬಾಣ ಬರೆದದ್ದೂ ಉಂಟು. ಅದು ಚುನಾವಣೆಯ ಸಮಯ. ಯಾವುದೋ ಪಕ್ಷದ ಗುರುತು ಎಂದುಕೊಂಡು ಒಬ್ಬರು ಅದರ ಕೆಳಗೆ 'ಮತ ನೀಡಿ' ಎಂದು ಬರೆದರು. ಇನ್ನೊಬ್ಬರು ಸೆಗಣಿ ಬಳಿದರು.

ಹಾಗೂ ಸುತ್ತಿ ಬಂದವರು ದಿನಕ್ಕೆ ಒಬ್ಬರೋ ಇಬ್ಬರೋ, ಮಳೆಗಾಲದಲ್ಲಿ ವಾರಕ್ಕೊಬ್ಬರು. ಒಳಗಿನ ಪುಸ್ತಕದಲ್ಲಿ ಈ ಒಂದು ವರ್ಷದ್ದೇ ಮುನ್ನೂರ ಹನ್ನೆರಡು ಹೆಸರುಗಳಿವೆ. ರಾಮವ್ವ ಬೂಟು ಬಿಡಿಸುತ್ತಾರೆ, ನೀರು ಕೊಡುತ್ತಾರೆ, ಪಾದ್ರಿಯ ಬೆಂಚು ತೋರಿಸುತ್ತಾರೆ. ಹೊರಡುವಾಗ ಹಣೆಗೆ ಬೀರಪ್ಪನ ಭಂಡಾರ ಹಚ್ಚುತ್ತಾರೆ. "ಗುಡಿಗೆ ಬಂದವರನ್ನ ಬರೇ ಹಣಿಲೆ ಕಳಸಬಾರದಲ್ಲ." ಒಬ್ಬ ಬಿಳಿ ಹೆಣ್ಣುಮಗಳು ಹಣೆಯ ಅರಿಶಿನ ಉದುರಬಾರದೆಂದು ಕತ್ತು ನೆಟ್ಟಗೆ ಮಾಡಿಕೊಂಡೇ ಬಸ್ಸು ಹತ್ತಿದಳಂತೆ.

ಕಳೆದ ತಿಂಗಳು ಸಮಿತಿಯವರೇ ಪರೀಕ್ಷೆಗೆ ಬಂದರು. ಮಟ ಮಟ ಮಧ್ಯಾಹ್ನ. ಮುಂಬಾಗಿಲ ಕೀಲಿ ನೋಡಿ ಕಾಗದದಲ್ಲಿ ಬರೆದುಕೊಂಡರು. ಕಾರ್ಯದರ್ಶಿಗಳು ಬಾಗಿಲನ್ನೊಮ್ಮೆ ಬಡಿದರು. ಒಳಗೆ ರಾಮವ್ವ ಬೆಂಚು ಒರೆಸುತ್ತಿದ್ದರು. "ಬರ್ರಿ, ಒಳಗ ಬರ್ರಿ. ನಿಮ್ಮ ದಾರಿನ ನೋಡಾಕತ್ತೇನಿ," ಎಂದರು.

ಹೊರಗೆ ಹನ್ನೆರಡು ವರ್ಷದ ಕೀಲಿ. ಒಳಗಿಂದ ಹೆಣ್ಣಿನ ದನಿ.

ಜೀಪಿನ ಚಾಲಕ ಜಹಾಂಗೀರ ಇದನ್ನು ಹೇಳುವಾಗ ಈಗಲೂ ಸ್ಟೇರಿಂಗ್ ಹಿಡಿದುಕೊಳ್ಳುತ್ತಾನೆ. "ಸಾಹೇಬ್ರು ನನಗಿಂತ ಮೊದಲ ಜೀಪ್ ಹತ್ತಿದ್ರು. ಹೊಡಿ ಹೊಡಿ ಅಂತಾರ. ನಾ ಇನ್ನೂ ಕೆಳಗ ನಿಂತೇನ್ರಿ!" ರಾಮವ್ವ ಗಿಡ ಸುತ್ತಿ ಹೊರಗೆ ಬರುವಷ್ಟರಲ್ಲಿ ಜೀಪು ಹಳ್ಳ ದಾಟಿತ್ತು. ವಾರದ ಮೇಲೆ ಕಾಗದ ಬಂತು: ಕೀಲಿ ಇದ್ದರೂ ಒಳಗೆ ಯಾರೋ ಸೇರುತ್ತಾರೆ, ಪಕ್ಕದ ಬಾಗಿಲಿಗೂ ಹೊಸ ಕೀಲಿ ಹಾಕಬೇಕು.

"ಕೀಲಿ ಐತಿ ಅಂತ ತಕರಾರು ಬಂದ್ರ ಇನ್ನೊಂದು ಕೀಲಿ ತರೋ ಶ್ಯಾಣ್ಯಾರು," ಎನ್ನುತ್ತಾನೆ ಈರಪ್ಪ.

ಹನ್ನೊಂದಕ್ಕೆ ಎಂದವರು ಹನ್ನೆರಡಕ್ಕೆ ಬರುತ್ತಾರೆ. ಬಡಿಗೇರ ಕಾಳಪ್ಪ ಕೊಂಡಿ, ಮೊಳೆ ಹಿಡಿದು ಮೊದಲೇ ನಿಂತಿದ್ದಾನೆ. ರಾಮವ್ವ ಈ ಸಲ ಹೊರಗೇ ಕಾದಿದ್ದು ಎಲ್ಲರನ್ನೂ ಬೇವಿನ ಗಿಡ ಸುತ್ತಿಸಿ ಒಳಗೆ ಕರೆದೊಯ್ಯುತ್ತಾರೆ. ಕಾರ್ಯದರ್ಶಿಗಳು ಹೊಳೆಯುವ ಬೆಂಚುಗಳನ್ನು ನೋಡುತ್ತಾರೆ. ಮುಖ ಸ್ವಲ್ಪ ಮೆತ್ತಗಾಗುತ್ತದೆ.

"ಹಾಗಾದರೆ ಮುಂದಿನ ಬಾಗಿಲಿಗೆ ಯಾಕೆ ಕೀಲಿ?"

ರಾಮವ್ವ ಕೆಟ್ಟ ನಕ್ಷತ್ರದ ಕತೆ ಹೇಳುತ್ತಾರೆ.

"ಅಮ್ಮಾ, ದೇವರ ಮನೆಗೆ ನಕ್ಷತ್ರ ಇಲ್ಲ."

"ಮನಿಗಿಲ್ರಿ. ಪಾದ್ರಿ ಸತ್ತದ್ದಕ್ಕ ಐತಿ."

"ಅದೆಲ್ಲ ಮೂಢನಂಬಿಕೆ. ಕೀಲಿಕೈ ಕೊಡಿ. ಆ ಬಾಗಿಲು ಇವತ್ತೇ ತೆಗೆದರೆ ಜನ ನೇರವಾಗಿ ಬರುತ್ತಾರೆ, ದೂರೇ ಇರುವುದಿಲ್ಲ."

ರಾಮವ್ವನ ಕಣ್ಣು ಅರಳುತ್ತದೆ. ಸೊಂಟದಿಂದ ಕೀಲಿಕೈ ಬಿಚ್ಚಿ ಅವರ ಅಂಗೈಯಲ್ಲಿ ಇಡುತ್ತಾರೆ. ಎಲ್ಲರೂ ಮುಂಬಾಗಿಲಿಗೆ ಬರುತ್ತಾರೆ. ಕಾರ್ಯದರ್ಶಿಗಳು ಮೆಟ್ಟಿಲು ಹತ್ತುತ್ತಿದ್ದಂತೆ ಕಾಳಪ್ಪ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಎರಡು ಕ್ರೈಸ್ತ ಮನೆಯ ಹಿರಿಯರು ನಾಲ್ಕು ಹೆಜ್ಜೆ. ಜಹಾಂಗೀರ ಜೀಪನ್ನೇ ಹಿಂದಕ್ಕೆ ತೆಗೆಯುತ್ತಾನೆ.

"ತೆಗೀರಿ ಸಾಹೇಬ್ರ," ಎಂದು ಈರಪ್ಪ ಅಂಗಡಿಯಿಂದ ಕೂಗುತ್ತಾನೆ. "ಮೊದಲ ತೆಗದವರಿಗೆ ದೋಷ ತಟ್ಟತೈತಿ ಅಂತಾರ. ನೀವು ಓದಿದವರು, ನಿಮಗೇನ ಆಗಂಗಿಲ್ಲ. ಮನ್ಯಾಗ ತಾಯಿ-ತಂದಿ ಅದಾರೇನ್ರಿ?"

"ತಾಯಿ ಇದ್ದಾರೆ," ಎನ್ನುತ್ತಾರೆ ಕಾರ್ಯದರ್ಶಿಗಳು, ತಡವಾಗಿ.

ಕೀಲಿಕೈ ಕೀಲಿಯ ಹತ್ತಿರ ಹೋಗಿ ನಿಲ್ಲುತ್ತದೆ. ಅವರು ತೂತಿನೊಳಗೆ ಇಣುಕುತ್ತಾರೆ. ಊದುತ್ತಾರೆ. ಬಿಸಿಲು ನೋಡುತ್ತಾರೆ.

"ತುಕ್ಕು ಹಿಡಿದಿದೆ. ಒತ್ತಾಯ ಮಾಡಿದರೆ ಹಳೆಯ ವಸ್ತು ಹಾಳಾಗುತ್ತದೆ. ಇನ್ನೊಮ್ಮೆ ನೋಡೋಣ," ಎಂದು ಇಳಿಯುತ್ತಾರೆ. ಕೀಲಿಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ.

"ಮತ್ತ ಈ ಕಡೆ ಬಾಗಿಲಾ?" ಎಂದು ಕಾಳಪ್ಪ ಕೇಳುತ್ತಾನೆ.

"ಆದೇಶ ಇದೆಯಲ್ಲ. ಹೊಡಿ."

ಇಪ್ಪತ್ತು ನಿಮಿಷದ ಕೆಲಸ. ಮೊಳೆಯ ಸದ್ದಿಗೆ ಬಾವಲಿಗಳೆಲ್ಲ ಎದ್ದು ಒಳಗೆ ಗಿರಗಿರ ಸುತ್ತುವುದು ಹೊರಗೂ ಕೇಳುತ್ತದೆ. ಹೊಸ ಕೀಲಿ ಕಟ್ ಎನ್ನುತ್ತದೆ. ನೋಡಬೇಕೆನ್ನುವವರು ಬಾಗಲಕೋಟೆಯಲ್ಲಿ ಅರ್ಜಿ ಕೊಡಬೇಕು, ಕೆಲಸದ ದಿನಗಳಲ್ಲಿ ಮಾತ್ರ, ಎಂದು ಕಾರ್ಯದರ್ಶಿಗಳು ಹಿರಿಯರಿಗೆ ವಿವರಿಸುತ್ತಾರೆ. ಹಿರಿಯರು ತಲೆ ಆಡಿಸುತ್ತಾರೆ. ರಾಮವ್ವ ಜೀಪಿನ ಕಡೆ ಬರುತ್ತಾರೆ.

"ಸಾಹೇಬ್ರ, ಒಂದ ಕೀಲಿಕೈ ನನ್ನ ಕಡೆ ಬಿಟ್ಟು ಹೋಗ್ರಿ. ಯಾರರ ಬಂದ್ರ ತಗದ ತೋರಸ್ತೇನಿ."

ಕಾರ್ಯದರ್ಶಿಗಳು ಗಡಿಯಾರ ನೋಡಿಕೊಳ್ಳುತ್ತಾರೆ. ಕಾಳಪ್ಪ ಉಳಿದ ಮೊಳೆಗಳನ್ನು ಆಯುತ್ತಾನೆ. ಕ್ರೈಸ್ತ ಮನೆಯ ಹಿರಿಯರು ರಸ್ತೆಯ ಕಡೆ ನೋಡುತ್ತಾರೆ, ಬಸ್ಸು ಬರುತ್ತಿದೆಯೇನೋ ಎಂಬಂತೆ. ದಿನವಿಡೀ ಕೂಗುವ ಈರಪ್ಪ ಕೂಡ ತೊಳೆದ ಕಪ್ಪನ್ನೇ ಮತ್ತೆ ತೊಳೆಯುತ್ತಿದ್ದಾನೆ. ಜೀಪು ಚಾಲೂ ಆಗುತ್ತದೆ.

"ಹಳೇದೋ ಹೊಸದೋ, ಎರಡರಾಗ ಯಾವುದರ ಒಂದ ಕೊಡ್ರಿ," ಎನ್ನುತ್ತಾರೆ ರಾಮವ್ವ.