ಸೈಕಲ್ಲಿಗೆ ಮಾತ್ರ

ಬೆಟಗೇರಿಯಿಂದ ಗದಗಿಗೆ ಸೈಕಲ್ ಹೊಡೆದುಕೊಂಡು ಹೋಗುವ ಹೆಂಗಸಿಗೆ ವೈರಿಗಳು ಇಬ್ಬರು. ಒಂದು ಗಾಳಿ. ಆಷಾಢದಲ್ಲಿ ಅದು ಎದುರಿಗೆ ಬಿತ್ತೆಂದರೆ ಎಷ್ಟು ತುಳಿದರೂ ನಿಂತಲ್ಲೇ ನಿಂತ ಹಾಗಿರುತ್ತದೆ. ಇನ್ನೊಂದು ಮಂದಿ. ಗಾಳಿಯ ಜೊತೆ ನಾನು ಎಂದೂ ಜಗಳಾಡಿದವಳಲ್ಲ.

ನಮ್ಮದು ನೇಕಾರರ ಮನೆತನ. ಮನೆಯಲ್ಲಿ ಮಗ್ಗ ನಿಂತು ಬಹಳ ಕಾಲವಾಯಿತು. ನಾನು ಗದಗಿನಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಅಂಗಡಿಯೊಂದಕ್ಕೆ ಕೆಲಸಕ್ಕೆ ಹೋಗುತ್ತೇನೆ. ಹೋಗಲು ಟಂಟಂ ಆಟೋಗಳಿವೆ, ಇಲ್ಲವೆಂದಲ್ಲ. ಆದರೆ ಮಂದಿ ತುಂಬುವ ತನಕ ಅವು ಹೊರಡುವುದಿಲ್ಲ, ತುಂಬಿದ ಮೇಲೂ ಇನ್ನಿಬ್ಬರನ್ನು ತುರುಕದೆ ಹೊರಡುವುದಿಲ್ಲ. ಅದಕ್ಕೇ ನಾನು ಸೈಕಲ್ ಬಿಟ್ಟಿಲ್ಲ. 'ಈ ವಯಸ್ಸಿನಾಗ ಸೈಕಲ್ಲೇನವ್ವಾ' ಎಂದು ಮೂಗು ಮುರಿದವರೆಲ್ಲ ಈಗ ಮೊಣಕಾಲು ನೋವೆಂದು ಕಟ್ಟೆಯ ಮೇಲೆ ಕುಳಿತಿದ್ದಾರೆ. ನಾನು ಅವರ ಮುಂದೆಯೇ ಗಂಟೆ ಬಾರಿಸಿಕೊಂಡು ಹೋಗುತ್ತೇನೆ.

ಪಕ್ಕದ ಮನೆಯ ಆಪಾ ನನಗಿಂತ ನಾಲ್ಕಾರು ವರ್ಷ ದೊಡ್ಡವರು. ಇಡೀ ಓಣಿಗೇ ಅವರು ಆಪಾ, ಅಂದರೆ ಅಕ್ಕ. ಮನೆಯಲ್ಲಿ ಕುಬಸ ಹೊಲಿಯುತ್ತಿದ್ದರು. ರೆಡಿಮೇಡ್ ಬಂದು ಆ ಕೆಲಸ ಕಡಿಮೆಯಾದಾಗ ನಮ್ಮ ಅಂಗಡಿಯಲ್ಲಿ ಒಂದು ಮಷಿನ್ ಖಾಲಿ ಇದೆಯೆಂದು ನಾನೇ ಕರೆದೆ. ಅವರ ಅತ್ತೆ ಹಾಸಿಗೆ ಹಿಡಿದಿದ್ದರು. ಮಧ್ಯಾಹ್ನ ಬಂದು ಉಣ್ಣಿಸಿ ಮತ್ತೆ ಹೋಗಬೇಕು. ಟಂಟಂ ನಂಬಿದರೆ ಅದು ಆಗುವ ಮಾತಲ್ಲ. ಸೈಕಲ್ ಇದ್ದರೆ ಮಾತ್ರ ಕೆಲಸ ಉಂಟು. ಹಾಗಾಗಿ ಓಣಿಯ ಹಿಂದಿನ ಬಯಲಿನಲ್ಲಿ ಆಪಾಗೆ ಸೈಕಲ್ ಕಲಿಸಿದೆ. ಬುರ್ಖಾದ ಅಂಚನ್ನು ಎತ್ತಿ ಕಟ್ಟಿಕೊಂಡು, ಹಲ್ಲು ಕಚ್ಚಿ ಕಲಿತರು. ಮೊದಲ ಸಲ ನಾನು ಕೈಬಿಟ್ಟದ್ದು ತಿಳಿಯದೆ ಮುಂದೆ ಹೋದವರು, ತಿಳಿದ ಮೇಲೆ ನನ್ನನ್ನು ಬೈದರು.

ಆಪಾರ ಗಂಡ ಬೋರ್‌ವೆಲ್ ಪಂಪು ರಿಪೇರಿ ಮಾಡುವವರು. ನಾನು ಅವರನ್ನು ಭಾಯಿ ಎನ್ನುತ್ತೇನೆ. ಕೆಟ್ಟವರಲ್ಲ, ಆದರೆ ಅಂಜುಬುರುಕರು. ಆ ಅಂಜಿಕೆಯನ್ನೆಲ್ಲ ಹೆಂಡತಿಯ ಮೇಲೆ ಹೇರುವವರು. 'ನೋಡ ತಂಗಿ, ಒಂದ ಸಲ ಬಿದ್ದಳಂದ್ರ ಆತು, ಮತ್ತ ಸೈಕಲ್ ಮುಟ್ಟಾಕ ಬಿಡೂದಿಲ್ಲ' ಎಂದು ನನಗೇ ಎಚ್ಚರಿಕೆ ಕೊಟ್ಟಿದ್ದರು.

ಇಷ್ಟರಲ್ಲಿ ನಮಗೊಂದು ದಾರಿ ಬಿಡಿರೆಂದು ನಾವು ಸೈಕಲ್ಲಿನವರು ಕೂಡಿ ನಗರಸಭೆಯ ಕಚೇರಿಗೆ ಅಲೆದದ್ದು ಫಲ ಕೊಟ್ಟಿತು. ನಾವು ಅಂದರೆ ಶಾಲೆಯ ಹುಡುಗಿಯರು, ಅಂತೂರ ಬೆಂತೂರದಿಂದ ಕಾಯಿಪಲ್ಯ ತರುವ ಒಬ್ಬ ಅಜ್ಜ ಮತ್ತು ನಾನು. ಗದಗಿಗೆ ಹೋಗುವ ರಸ್ತೆಯ ಎಡಕ್ಕೆ ಬಿಳಿ ಗೆರೆ ಎಳೆದು ನಮಗೊಂದು ಪಟ್ಟಿ ಬಿಟ್ಟುಕೊಟ್ಟರು. ಅಲ್ಲಲ್ಲಿ ಬೋರ್ಡು ನಿಲ್ಲಿಸಿದರು: 'ಸೈಕಲ್ಲಿಗೆ ಮಾತ್ರ'. ಆ ಸಂಜೆ ನಾನು ಸುಮ್ಮಸುಮ್ಮನೆ ಆ ಪಟ್ಟಿಯಲ್ಲಿ ಹೋಗಿ ಬಂದೆ. ನಗರಕ್ಕೆ ನಾವು ಇರುವುದು ಕೊನೆಗೂ ಕಂಡಿತಲ್ಲ ಎಂದು ಒಂದೊಂದು ಬೋರ್ಡಿನ ಮುಂದೆಯೂ ಗಂಟೆ ಬಾರಿಸಿದೆ.

ಮಾರನೆಯ ಬೆಳಿಗ್ಗೆ ಹೋಗಿ ನೋಡುತ್ತೇನೆ, ಪಟ್ಟಿಯ ತುಂಬ ಮೋಟಾರ್ ಬೈಕುಗಳು! ಬಿಳಿ ಗೆರೆಯ ಆಚೆ ಒಂದು ಗಾಲಿಯೂ ಹೋಗದಂತೆ ಓರೆಯಾಗಿ, ಸಾಲಾಗಿ, ನೀಟಾಗಿ ನಿಲ್ಲಿಸಿದ್ದಾರೆ. ಹರ್ತಿಯಿಂದ ಹಾಲು ತಂದಿದ್ದವನೊಬ್ಬ ಕ್ಯಾನು ಇಳಿಸುತ್ತಿದ್ದ. ಅವನನ್ನು ಹಿಡಿದೆ.

'ಯಣ್ಣಾ, ಬೋರ್ಡ ಕಾಣಸಂಗಿಲ್ಲೇನ?'

'ಕಂಡೈತ್ರಿ. ಅದಕ್ಕ ಇಲ್ಲಿ ಹಚ್ಚೇನಿ.'

'ಸೈಕಲ್ಲಿಗೆ ಮಾತ್ರ ಅಂತ ಬರದಾರ!'

'ಮತ್ತಿದು ಏನ್ರಿ? ಸೈಕಲ್ ಮೋಟರ ಅಲ್ಲೇನು?'

ಅವನ ಮಾತು ಸುಳ್ಳಾಗಿರಲಿಲ್ಲ. ಯಾಕೆಂದರೆ ನಮ್ಮ ಸೀಮೆಯಲ್ಲಿ ಮೋಟಾರ್ ಬೈಕಿಗೆ ಸೈಕಲ್ ಮೋಟರ್ ಅಂತಲೇ ಹೆಸರು. ನಾನೂ ಹಾಗೇ ಅನ್ನುತ್ತೇನೆ, ನನ್ನ ಅವ್ವನೂ ಹಾಗೇ ಅನ್ನುತ್ತಿದ್ದಳು. ಬೋರ್ಡು ಬರೆಸಿದವರಿಗೆ ಅದು ಹೊಳೆದಿರಲಿಲ್ಲ, ಬರೆಸಿರೆಂದು ಕಾಡಿದ ನಮಗೂ ಹೊಳೆದಿರಲಿಲ್ಲ. ಸರ್ಕಾರ ತಮಗೆ ಹೊಸ ಸ್ಟ್ಯಾಂಡ್ ಮಾಡಿಕೊಟ್ಟಿದೆಯೆಂದು ಮಂದಿ ಖುಷಿಯಾಗಿದ್ದರು. ಯಾರೂ ನಿಯಮ ಮುರಿದಿರಲಿಲ್ಲ, ಅದೇ ನನ್ನ ಸಂಕಟ.

ಅದೇ ವಾರ ಆಪಾ ಬಿದ್ದರು. ನಿಲ್ಲಿಸಿದ ಬೈಕುಗಳನ್ನು ತಪ್ಪಿಸಲು ನಡುರಸ್ತೆಗೆ ಸರಿದಾಗ ಹಿಂದಿನಿಂದ ಲಾರಿಯ ಹಾರ್ನು ಕೇಳಿ ಗಾಬರಿಯಾಗಿದ್ದರು. ಮೊಣಕೈ ತರಚಿತು, ಹೆಚ್ಚೇನಿಲ್ಲ. ಆದರೆ ಭಾಯಿ ಸೈಕಲ್ಲನ್ನು ಹಿತ್ತಿಲಿಗೆ ಒಯ್ದು ಕಟ್ಟಿಗೆಯ ಹಿಂದೆ ನಿಲ್ಲಿಸಿದರು. ನಾನು ಹೋಗಿ ಎಷ್ಟು ಹೇಳಿದರೂ ಜಗ್ಗಲಿಲ್ಲ. ಕೊನೆಗೆ, 'ಆ ಪಟ್ಟಿ ಖಾಲಿ ಆದ ದಿನ ಬಾ, ಕಳಸತೇನಿ' ಎಂದರು. ಎಂದೂ ಕಳಿಸುವುದಿಲ್ಲ ಎಂಬುದನ್ನು ಮರ್ಯಾದೆಯಿಂದ ಹೇಳಿದ್ದು ಅದು. ಅತ್ತ ಅಂಗಡಿಯ ಮಾಲಕರು, ಆಪಾ ಬರದಿದ್ದರೆ ಆ ಮಷಿನ್ನಿಗೆ ಬೇರೆಯವರನ್ನು ನೋಡುತ್ತೇನೆ ಎನ್ನತೊಡಗಿದರು. ಕತ್ತರಿ, ಟೇಪು ಇಟ್ಟುಕೊಳ್ಳುತ್ತಿದ್ದ ಚೀಲವನ್ನು ಅಂಗಡಿಯಿಂದ ತಂದುಕೊಡು ಎಂದಷ್ಟೇ ಆಪಾ ಹೇಳಿದರು. ಅದನ್ನು ಕೇಳಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತರುವುದಿಲ್ಲ ಎಂದೆ.

ಕಚೇರಿಗೆ ಹೋದೆ. ಸಾಹೇಬರು ನನ್ನ ಮಾತು ಕೇಳಿ ನಕ್ಕರು, ಆಮೇಲೆ ಹಣೆ ಒತ್ತಿಕೊಂಡರು.

'ಬರದದ್ದು ಶುದ್ಧ ಐತಲ್ರಿ ಬಾಯಾರ.'

'ಶುದ್ಧ ಐತ್ರಿ. ಊರ ಮಂದಿ ಮಾತು ಬ್ಯಾರೆ ಐತಿ.'

'ಹಂಗಾರ ಏನ್ ಬರೀಬೇಕು? ಬೈಸಿಕಲ್?'

'ಆ ಹೆಸರು ಯಾರ ಕಿವಿಗೂ ಬಿದ್ದಿಲ್ರಿ. ಇಂಜಿನ್ ಇದ್ದದ್ದನ್ನ ಯಾರೂ ತುಳದು ಓಡಸಂಗಿಲ್ಲ. ತುಳಿಯುವ ಸೈಕಲ್ಲಿಗೆ ಮಾತ್ರ ಅಂತ ಬರಸ್ರಿ.'

ಒಳ್ಳೆಯ ಮನುಷ್ಯನೋ ಅಥವಾ ನನ್ನನ್ನು ನೋಡಿ ನೋಡಿ ಸಾಕಾಗಿತ್ತೋ, ಪೇಂಟರನನ್ನು ಕಳಿಸಿದರು. ಇದ್ದ ಬರಹದ ಮೇಲೆಯೇ ಜಾಗ ಮಾಡಿ 'ತುಳಿಯುವ' ಎಂದು ಸೇರಿಸಿದ. ಬಣ್ಣ ಹೊಂದಲಿಲ್ಲ, ಅಕ್ಷರ ಇಕ್ಕಟ್ಟಾಯಿತು. ನನಗೆ ಅದರ ಚಿಂತೆ ಇರಲಿಲ್ಲ.

ಬೋರ್ಡು ಬದಲಾದ ಮಾತ್ರಕ್ಕೆ ಬೈಕುಗಳು ಎದ್ದು ಹೋಗಲಿಲ್ಲ. ದಿನಾ ಬೆಳಿಗ್ಗೆ ಸ್ವಲ್ಪ ಮುಂಚೆಯೇ ಹೊರಟು ಪಟ್ಟಿಯಲ್ಲಿ ಸೈಕಲ್ ಅಡ್ಡ ನಿಲ್ಲಿಸಿ ನಿಂತುಕೊಳ್ಳತೊಡಗಿದೆ. ಬೈಕ್ ಹಚ್ಚಲು ಬಂದವರಿಗೆಲ್ಲ ಒಂದೇ ಮಾತು: 'ಬೋರ್ಡ ಓದ್ರಿ ಯಣ್ಣಾ. ಜೋರಾಗಿ ಓದ್ರಿ.' ತುಳಿಯುವ ಎಂಬಲ್ಲಿಗೆ ಬರುತ್ತಲೇ ಬಹಳ ಜನ ಹಲ್ಲು ಕಿರಿದು ಗಾಡಿ ಹೊರಳಿಸುತ್ತಿದ್ದರು. ಶಾಲೆಯ ಹುಡುಗಿಯರಿಗೂ ಇದೊಂದು ಆಟವಾಗಿ ಅವರೂ ನಿಂತರು. ಹಾಲಿನವನು ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಒಬ್ಬ ಮಾತ್ರ, 'ರಸ್ತಾ ನಿಮ್ಮಪ್ಪಂದೇನ?' ಎಂದು ಮೈಮೇಲೆ ಬಂದ.

'ನಮ್ಮಪ್ಪಂದೂ ಹೌದು, ನಿಮ್ಮಪ್ಪಂದೂ ಹೌದು. ತಗೀರಿ' ಎಂದೆ. ತೆಗೆದ. ಆ ದಿನ ಅಂಗಡಿಯಲ್ಲಿ ಒಂದೇ ತೋಳನ್ನು ಎರಡು ಸಲ ತಪ್ಪು ಹೊಲಿದು ಬಿಚ್ಚಿದೆ. ಸಾಕು, ಬಿಟ್ಟುಬಿಡಲೇ ಎಂದೂ ಅನಿಸಿತು. ಎದುರಿನ ಖಾಲಿ ಮಷಿನ್ ನೋಡಿದೆ, ಬಿಡಲಿಲ್ಲ.

ಮಳೆ ಸುರುವಾಗುವ ಹೊತ್ತಿಗೆ ಪಟ್ಟಿ ಪೂರಾ ಖಾಲಿ ಕಂಡ ಒಂದು ಬೆಳಿಗ್ಗೆ ನಾನು ಹೊರಳಿ ಓಣಿಗೆ ಬಂದೆ. ಭಾಯಿ ಆಗಲೇ ಕೆಲಸಕ್ಕೆ ಹೋಗಿದ್ದರು. 'ಆಪಾ, ಖಾಲಿ ಐತಿ. ಬರ್ರಿ' ಎಂದೆ. ಅವರು ಕೇಳಿದ್ದು ಒಂದೇ, 'ಖರೇನ?' ಹಿತ್ತಿಲಿಗೆ ಹೋಗಿ ಕಟ್ಟಿಗೆ ಸರಿಸಿ ಸೈಕಲ್ ತಾವೇ ತಂದರು.

ಆಪಾ ಮುಂದೆ, ನಾನು ಹಿಂದೆ. ಎದುರು ಗಾಳಿ ಇತ್ತು, ಪಟ್ಟಿ ಮಾತ್ರ ಚೊಕ್ಕ ಇತ್ತು. ಚಹಾದ ಅಂಗಡಿಯ ಮುಂದೆ ಬರುತ್ತಲೇ ಆಪಾ ಬ್ರೇಕ್ ಹಿಡಿದರು. ಪಟ್ಟಿಯ ನಡುವೆ ಒಂದೇ ಒಂದು ಬೈಕು ನಿಂತಿತ್ತು. ಹಿಂದೆ ಪಂಪಿನ ಪೈಪು ಕಟ್ಟಿತ್ತು. ಭಾಯಿ ಗ್ಲಾಸು ಹಿಡಿದುಕೊಂಡು ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದರು.

ನಾನು ಬಾಯಿ ತೆರೆಯುವುದರೊಳಗೆ ಆಪಾ ಗಂಟೆ ಬಾರಿಸಿದರು. ಭಾಯಿ ಹೆಂಡತಿಯನ್ನು ನೋಡಿ ಬೆಚ್ಚಿದರು. ಚಹಾ ಕುಡಿದು ತೆಗೆಯುತ್ತೇನೆ, ಪಕ್ಕಕ್ಕೆ, ಬಾಜೂಕ ಸರಿದು ಹೋಗು ಎಂದು ಉರ್ದುವಿನಲ್ಲಿ ಮೆಲ್ಲಗೆ ಹೇಳಿದರು. ಮನೆಯಲ್ಲಿ ಅವರ ಮಾತು ಉರ್ದುವೇ. ಆಪಾ ಮಾತ್ರ ಇಡೀ ಅಂಗಡಿಗೆ ತಿಳಿಯುವಂತೆ ಕನ್ನಡದಲ್ಲಿ ಹೇಳಿದರು.

'ಹೋದ ಸಲ ಬಾಜೂಕ ಹೋಗೇ ಬಿದ್ದಿದ್ದೆ. ತಗೀರಿ.'

ಬೆಂಚಿನ ಮೇಲಿದ್ದವರೆಲ್ಲ ಭಾಯಿಯ ಕಡೆ ನೋಡಿದರು. ಅವರು ಕೆಳಗೆ ಬಿಟ್ಟ ಕಣ್ಣನ್ನು ಮೇಲೆತ್ತಲಿಲ್ಲ. ಗ್ಲಾಸು ಇಟ್ಟು ಬಂದು, ಬೈಕನ್ನು ತಳ್ಳಿಕೊಂಡು ಗೆರೆಯ ಆಚೆ ಒಯ್ದರು. ಏನಾದರೂ ಅನ್ನುತ್ತಾರೆಂದು ನಾನು ಒಂದು ಗಳಿಗೆ ನಿಂತೆ. ಅವರು ಪೈಪಿನ ಹಗ್ಗ ಬಿಗಿಮಾಡತೊಡಗಿದರು. ಆಪಾ ಅಷ್ಟರಲ್ಲಿ ಬಹಳ ಮುಂದೆ ಹೋಗಿಬಿಟ್ಟಿದ್ದರು, ಅವರನ್ನು ಹಿಡಿಯಲು ನಾನು ಎದ್ದು ನಿಂತು ತುಳಿಯಬೇಕಾಯಿತು.