ಡಾಕ್ಟರ್‌ಬಾಯಿ ಹಿಡಿದ ಕತ್ತರಿ

ಬೈಗುಳ ತಿನ್ನದೆ ಸುಮಿತ್ರಾಬಾಯಿಯವರ ಕೈಯಿಂದ ಗುಳಿಗೆ ಪಡೆದವರು ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಎತ್ತರ ಐದಡಿ ಇಲ್ಲ. ದವಾಖಾನೆಯೊಳಗೆ ಒಬ್ಬನನ್ನು ಬೈದರೆ ಹೊರಗಿನ ಕಟ್ಟೆಯ ಮೇಲಿದ್ದವರ ಜ್ವರವೂ ಇಳಿಯುತ್ತಿತ್ತು. ಡಾಕ್ಟರ್‌ಬಾಯಿ ಎಂದರೆ ಅವರೇ.

ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಮಗ್ಗಕ್ಕೆ ಕುಳಿತವನು. ಜಡ್ಡೆಂದು ಒಂದು ದಿನವೂ ಮಲಗಿದವನಲ್ಲ. ರಕ್ತದಾನಕ್ಕೆ ಹೋದಾಗ ನನ್ನ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಸಿಕ್ಕಿತು. ಹುಬ್ಬಳ್ಳಿಗೆ ಕಳಿಸಿ ತಪಾಸಣೆ ಮಾಡಿಸಿದ ಬಾಯಿಯವರು, ದಿನಾ ಒಂದು ಗುಳಿಗೆ ನುಂಗು ಎಂದರು.

"ಕಾಮಣಿ ಆದ್ರ ಕಣ್ಣು ಹಳದಿ ಆಗಬೇಕಲ್ರೀ? ನಾ ನಾಕು ರೊಟ್ಟಿ ತಿಂತೀನಿ."

"ನಿನ್ನ ರೊಟ್ಟಿ ಸುದ್ದಿ ಯಾರು ಕೇಳ್ಯಾರ್ಲೇ ಫಕೀರಪ್ಪ? ಲಿವರ್ ಮೂಕ ಎತ್ತು ಇದ್ದಂಗ. ಅರ್ಧ ಸತ್ರೂ ದುಡೀತೈತಿ."

ನಾನು ಮತ್ತೆ ಆ ಕಡೆ ಹಾಯಲಿಲ್ಲ. ಒಂದು ಮುಂಜಾನೆ ಅವರೇ ಮನೆಗೆ ಬಂದರು. ಹೆಂಡತಿ ಕುರ್ಚಿ ಹಾಕಿದಳು; ಕೂರಲಿಲ್ಲ. ಮಗ್ಗದ ಮೇಲಿದ್ದ ಕತ್ತರಿ ಎತ್ತಿ, ನೇಯಲು ಬಿಗಿದಿದ್ದ ಹಾಸಿನ ಒಂದು ಎಳೆಯನ್ನು ಕಚಕ್ಕನೆ ಕತ್ತರಿಸಿದರು.

"ಅಯ್ಯೋ ಬಾಯಾರ! ಗಿರಾಕಿ ಸೀರಿ ಐತ್ರೀ!"

"ಹಾಕು ಗಂಟು."

ಹಾಕಿದೆ. ಪಕ್ಕದ್ದನ್ನು ಕತ್ತರಿಸಿದರು. ಅದಕ್ಕೂ ಹಾಕಿದೆ. ಮತ್ತೊಂದು.

"ದಿನಾ ಹಿಂಗ ಮಾಡಿದ್ರ ಬಟ್ಟಿ ಏನಾಕೈತಿ?"

"ಬರೇ ಗಂಟಾಗಿ ಬಿರುಸಾಕೈತ್ರೀ. ಲಾಳಿ ಓಡಂಗಿಲ್ಲ."

"ನಿನ್ನ ಲಿವರಿನ್ಯಾಗೂ ಅದ ನಡದೈತಿ. ವೈರಸ್ ಕಳ್ಳ, ಲಿವರಿನ ಕಣದಾಗ ಅಡಗಿ ಕುಂತಾನ. ಅವನ್ನ ಹಿಡಿಯಾಕ ನಿನ್ನ ರಕ್ತದಾಗಿನ ಪೊಲೀಸರು ಮನೀನ ಕೆಡವ್ತಾರ. ಹೊಸ ಕಣ ಹುಟ್ಟತಾವ, ಖರೆ. ದಿನಾ ಕೆಡವಿದ್ರ ಎಲ್ಲಿ ಸಾಲಬೇಕು? ಅಲ್ಲಿ ಗಾಯದ ಕಲಿ ಕೂಡ್ತೈತಿ. ಮೆತ್ತಗಿದ್ದ ಲಿವರ್ ಗಂಟುಗಂಟಾಗಿ ಬಿಗೀತೈತಿ, ರಕ್ತ ಸರಳ ದಾಟಂಗಿಲ್ಲ. ಆಮ್ಯಾಲ ಹೊಟ್ಟ್ಯಾಗ ನೀರು. ಗುಳಿಗಿ ಕಳ್ಳನ್ನ ಕೊಲ್ಲಂಗಿಲ್ಲ, ಕೈಕಾಲು ಕಟ್ತೈತಿ. ಕತ್ತರಿಸಲೇನು ಇನ್ನೊಂದು?"

ಹೆಂಡತಿ ಅಡ್ಡ ಬಂದಳು: "ಕತ್ತರಿ ಇತ್ತ ಕೊಡ್ರೀ ಬಾಯಾರ, ಇವ್ರಿಗೆ ಗುಳಿಗಿ ನಾ ನುಂಗಸ್ತೀನಿ."

ಬಾಯಿಯವರು ಅವಳದೂ ಮಕ್ಕಳದೂ ರಕ್ತ ಪರೀಕ್ಷೆ ಮಾಡಿಸಿ, ಲಸಿಕೆ ಹಾಕಿಸಿದರು. ನಾನು ಒಂದೇ ಬೇಡಿಕೊಂಡೆ: "ಓಣ್ಯಾಗ ಗೊತ್ತಾದ್ರ ಜಡ್ಡಿನವನು ನೇದ ಸೀರಿ ಅಂತಾರ್ರೀ. ನನ್ನ ಮಾನ ಹೋಕ್ಕೈತಿ."

"ಮುಟ್ಟಿದ್ರ, ಕೂಡಿ ಉಂಡ್ರ ಬರೂದಲ್ಲೋ ಇದು," ಎಂದರು. ಆದರೂ ಯಾರಿಗೂ ಹೇಳಲಿಲ್ಲ.

ಕೆಲವು ವರ್ಷಗಳ ಮೇಲೆ ಹುಬ್ಬಳ್ಳಿಯಲ್ಲಿ ಮತ್ತೆ ನೋಡಿದಾಗ ಲಿವರಿನ ಬಿಗಿ ಕೊಂಚ ಇಳಿದಿತ್ತು. ಎದೆಯುಬ್ಬಿಸಿ ಹೋದೆ.

"ಇನ್ನ ಗುಳಿಗಿ ಬಿಡ್ಲೇನ್ರೀ?"

"ಬಿಡು. ನಾನೂ ಕತ್ತರಿ ತರ್ತೀನಿ."

ಹೋದ ವರ್ಷ ಅವರು ದವಾಖಾನೆ ಮುಚ್ಚಿ, ಮುಳಗುಂದದ ತಂಗಿಯ ಮನೆಗೆ ಹೊರಟರು. ಗಂಟುಮೂಟೆ ಹೊತ್ತು ಬಸ್‌ಸ್ಟ್ಯಾಂಡಿಗೆ ನಾನೇ ಹೋದೆ. ಅದೇ ಕೊನೆಯ ಭೇಟಿ. ಬಸ್ಸಿನ ಕಿಟಕಿಯಲ್ಲಿ ಕುಳಿತು ಏನೋ ಕೇಳಿದರು, ಕೇಳಿಸಲಿಲ್ಲ; ತುಟಿಯಾಟದಲ್ಲಿ ಗುಳಿಗೆಯ ಮಾತೆಂದಷ್ಟೇ ತಿಳಿಯಿತು. ಸುತ್ತ ನಮ್ಮ ಓಣಿಯವರೇ ಇದ್ದರು. ಅದಕ್ಕೇ ಅಂಥ ಗಂಟಲಿನ ಹೆಂಗಸು ನನಗಾಗಿ ದನಿ ತಗ್ಗಿಸಿದ್ದರು. ನನಗೆ ಏನಾಯಿತೋ.

"ನುಂಗೀನ್ರೀ ಬಾಯಾರ! ಹೆಪಟೈಟಿಸ್ ಗುಳಿಗಿ, ಇವತ್ತಿಂದೂ ನುಂಗೀನಿ!"

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು.

"ಯಾಕ ಒದರ್ತಿಲೇ," ಎಂದರು ಕಣ್ಣೊರೆಸಿಕೊಳ್ಳುತ್ತ, "ನಾನೇನು ಕಿವುಡಿ ಅಲ್ಲ."