ಪಾಷಾನ ಕಾಗದದ ಅಂಚು

ಕೊಲ್ಲಿ ದೇಶದ ರಾಯ್ ಪೇಟೆಯಲ್ಲಿ ಇಪ್ಪತ್ತಾರು ವರ್ಷ ಫ್ರೇಮ್ ಕಟ್ಟಿದ ಲಿಗೋರಿಗೆ ಒಂದೇ ಹೆಮ್ಮೆ: ಅವನ ಕೈ ದಾಟಿದ ಕಾಗದಕ್ಕೆ ಸೊಟ್ಟ ಅಂಚು ಇರುವುದಿಲ್ಲ. ಜಾಬ್ರಿಯಾ ಆಸ್ಪತ್ರೆಯ ನರ್ಸುಗಳ ಸರ್ಟಿಫಿಕೇಟು ಬರಲಿ, ಯಾರದೋ ಕುದುರೆಯ ಫೋಟೊ ಬರಲಿ, ಮೊದಲು ನಾಲ್ಕೂ ಬದಿಗೆ ಬ್ಲೇಡು. ಗೆರೆ ನೇರವಿದ್ದರೆ ಗಿರಾಕಿಗೆ ಚೌಕಾಸಿ ಮಾಡಲು ನಾಚಿಕೆಯಾಗುತ್ತದೆ ಎಂಬುದು ಅವನ ಅನುಭವ.

ನಿವೃತ್ತ ಮೇಷ್ಟ್ರು ಅಬೂ ಮುಸಾಅದ್ ತಂದ ಹಳೆಯ ಪತ್ರಕ್ಕೂ ಅದೇ ಉಪಚಾರವಾಯಿತು. ಒಟ್ಟೋಮನ್ನರ ಕಾಲದಲ್ಲಿ ಅವರ ಮುತ್ತಜ್ಜ ಬಸ್ರಾದ ಸುಂಕದ ಕಟ್ಟೆಯಲ್ಲಿ ಗುಮಾಸ್ತ. ಲಂಚದಲ್ಲೇ ಹೊಟ್ಟೆ ಹೊರೆಯುತ್ತಿದ್ದ ಗುಮಾಸ್ತರಿಗೆ ಖಜಾನೆಯಿಂದ ಸಂಬಳ ಗೊತ್ತುಮಾಡಿದ ಇಸ್ತಾಂಬುಲಿನ ಮಂತ್ರಿ, ಒಬ್ಬ ಪಾಷಾ, ಆ ಮುತ್ತಜ್ಜನಿಗೆ ಬರೆದ ಉತ್ತರವದು. ಬದಿಯಲ್ಲಿ ಓರೆಯಾಗಿ ಏನೋ ಗೀಚಿದಂತಿತ್ತು. ಯಾರೋ ಪೆನ್ನು ಬರೆಯುತ್ತದೋ ಎಂದು ನೋಡಿರಬೇಕೆಂದು ಲಿಗೋರಿ ಅದನ್ನು ಕತ್ತರಿಸಿ ಕಸಕ್ಕೆ ಹಾಕಿದ.

ಫ್ರೇಮು ಮನೆಗೆ ಹೋದ ಎರಡನೇ ದಿನ ಮೇಷ್ಟ್ರ ಫೋನು. "ಲಿಗೋರಿ, ನಡುವಿನದು ಕಾರಕೂನನ ಬರಹ. ಬದಿಯದ್ದು ಪಾಷಾನ ಸ್ವಂತ ಕೈ. ಅದು ಕಾಣುವುದೇ ಇಲ್ಲವಲ್ಲ?"

"ಮೌಂಟಿನ ರಟ್ಟಿನ ಅಡಿಯಲ್ಲಿ ಭದ್ರ ಉಂಟು ಬಾಬಾ."

"ಹಮ್ದುಲಿಲ್ಲಾ! ನಮ್ಮಲ್ಲಿ ಯಾರಿಗೂ ಅದನ್ನು ಓದಲು ಬಾರದು. ಗುರುವಾರ ಇಸ್ತಾಂಬುಲಿನಿಂದ ಪ್ರೊಫೆಸರ್ ಬರುತ್ತಾರೆ."

ಶಾಯಿ ಮಾಸುತ್ತದೆಂದು ಮೇಷ್ಟ್ರು ಯಾರಿಗೂ ಅದರ ಫೋಟೊ ತೆಗೆಯಲು ಬಿಟ್ಟವರಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಬೆಟ್ಟಿಗೆ ನಡೆದದ್ದನ್ನೆಲ್ಲ ಹೇಳಿದ. ಅವಳು ನರ್ಸು. "ಆಪರೇಷನ್ ಥಿಯೇಟರಿನಲ್ಲಿ ನೀವಿದ್ದಿದ್ದರೆ ರೋಗಿಯ ಕಿವಿಯನ್ನೂ ಲೆವೆಲ್ ಮಾಡ್ತಿದ್ರಿ!"

"ಕತ್ತರಿಸಿದ್ದು ಅಭ್ಯಾಸ ಮಾರಾಯ್ತಿ."

"ಮತ್ತೆ ಸುಳ್ಳು ಹೇಳಿದ್ದು?"

ಲಿಗೋರಿ ತಟ್ಟೆಯನ್ನು ಬದಿಗೆ ಸರಿಸಿದ.

"ಪ್ರೊಫೆಸರ ಎದುರು ಆ ಅಜ್ಜನ ಮರ್ಯಾದೆ ತೆಗೀಬೇಡಿ. ಈಗಲೇ ಹೋಗಿ."

ದಾರಿಯಲ್ಲಿ ಗೆದ್ದಲು, ಎಸಿಯ ನೀರು ಎಂದು ಎರಡು ಒಳ್ಳೆಯ ಕತೆ ಹೊಂದಿಸಿಕೊಂಡ. ವ್ಯಾಪಾರಿಗೆ ಆ ಸರಕಿಗೇನು ಬರ? ಆದರೆ ಮೌಂಟು ಬಿಚ್ಚಿ ತೋರಿಸಲು ಬಂದನೆಂದುಕೊಂಡ ಮೇಷ್ಟ್ರು ಫ್ರೇಮನ್ನು ತಾವೇ ಗೋಡೆಯಿಂದ ಇಳಿಸಿ, ಗಾಜನ್ನು ತೋಳಿನಿಂದ ಒರೆಸಿ ಅವನ ತೊಡೆಯ ಮೇಲಿಟ್ಟಾಗ ಎರಡೂ ಕತೆ ಬಾಯಿಗೆ ಬರಲಿಲ್ಲ.

"ಕತ್ತರಿಸಿದೆ ಬಾಬಾ. ಕಸಕ್ಕೆ ಹೋಯಿತು. ಆಮೇಲೆ ಸುಳ್ಳೂ ಹೇಳಿದೆ."

ಬೈದರೆ ತಲೆ ತಗ್ಗಿಸಲು ಅವನು ಸಿದ್ಧನಿದ್ದ. ಮೇಷ್ಟ್ರು ಬೈಯಲಿಲ್ಲ. ಫ್ರೇಮಿನ ಬದಿಯ ಮೇಲೆ ಬೆರಳಾಡಿಸಿ ಕೇಳಿದರು: "ಎಷ್ಟು ಸಾಲಿತ್ತು?"

"ಮೂರೋ ನಾಲ್ಕೋ."

ಅವರು ಒಂದು ಹಾಳೆ, ಪೆನ್ನು ಮುಂದೆ ಸರಿಸಿದರು. "ಅದನ್ನು ಕೊನೆಗೆ ನೋಡಿದವನು ನೀನು. ನೆನಪಿದ್ದಷ್ಟು ಬಿಡಿಸು."

ಲಿಗೋರಿ ಬಗ್ಗಿ ಒಂದು ಓರೆ ಗೆರೆ ಎಳೆದ. ಸ್ಕೇಲ್ ಇಡುವಷ್ಟು ಹೊತ್ತು ಮಾತ್ರ ಅದನ್ನು ನೋಡಿದ್ದವನಿಗೆ ಮುಂದಿನದು ಹೊಳೆಯಲಿಲ್ಲ. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಪಕ್ಕದಲ್ಲೇ ಕಾಯುತ್ತಿದ್ದರು.